ಅಕ್ಕುಸ್ವಾಮಿಯ ಒಪ್ಪಿಗೆ

ಗಂಭೀರವಾದ ಕಾಗದವೊಂದನ್ನು ಎದೆಗವಚಿಕೊಂಡು ಊರೂರು ತಿರುಗುವವರ ಹಿಂದೆಯೇ ನಗೆಯೂ ಬಸ್ಸು ಹತ್ತುತ್ತದೆ ಎಂಬುದನ್ನು ನನಗೆ ಯಾವ ಪಠ್ಯಪುಸ್ತಕವೂ ಕಲಿಸಿರಲಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರುಗಳು ಕಲಿಸಿದವು. ವಾರಕ್ಕೊಂದಾದರೂ ಹೀಗೆ ನಡೆಯುತ್ತಲೇ ಇತ್ತು. ನಿಲ್ಲುವ ಲಕ್ಷಣ ಈಗಲೂ ಇಲ್ಲ.

ಕನ್ನಡ ಎಂ.ಎ. ಮುಗಿಸಿದ ಮೇಲೆ ನಾನು ಹೆಣ್ಣುಮಕ್ಕಳ ಹಾಡುಗಳನ್ನು ಧ್ವನಿಮುದ್ರಿಸಿ, ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವಂತೆ ಇಡುವ ಸಂಗ್ರಹವೊಂದರಲ್ಲಿ ಕೆಲಸಕ್ಕೆ ಸೇರಿದೆ. ಹಾಡಿದವರ ಲಿಖಿತ ಒಪ್ಪಿಗೆ ಇಲ್ಲದೆ ಒಂದು ನುಡಿಯೂ ಅದರೊಳಗೆ ಹೋಗುವಂತಿಲ್ಲ. ಈ ನಿಯಮ ನನಗೆ ಬಹಳ ಹಿಡಿಸಿತ್ತು. ಎಷ್ಟೋ ಸಂಕಲನಗಳಲ್ಲಿ ಸಂಪಾದಕರ ಹೆಸರು ಮುಖಪುಟದಲ್ಲಿ ದಪ್ಪಕ್ಷರದಲ್ಲಿದ್ದು, ಹಾಡಿದಾಕೆ ಮಾತ್ರ ಅಡಿಟಿಪ್ಪಣಿಯಲ್ಲಿ ‘ಒಬ್ಬ ಮುದುಕಿ ಹೇಳಿದ್ದು’ ಎಂದು ಮುದುಡಿ ಕುಳಿತಿರುವುದನ್ನು ಕಂಡು ವಿದ್ಯಾರ್ಥಿದೆಸೆಯಲ್ಲೇ ಕುದಿದವಳು ನಾನು. ಆದ್ದರಿಂದ ಒಪ್ಪಿಗೆಪತ್ರವನ್ನು ನಾನೇ ಬರೆಯುತ್ತೇನೆಂದು ಮುಂದೆ ಬಂದೆ. ಮೂರು ಪುಟವಾಯಿತು. ‘ಹಕ್ಕುಸ್ವಾಮ್ಯ’ ಎಂಬ ಪದವನ್ನು ಹನ್ನೊಂದು ಸಲ ಬಳಸಿದ್ದೆ. ನಮ್ಮ ಸೀಮೆಯ ನಾಲಗೆಯು ಪದದ ಮೊದಲ ಹಕಾರವನ್ನು ಚಪ್ಪಲಿಯಂತೆ ಹೊಸ್ತಿಲಾಚೆ ಬಿಟ್ಟೇ ಒಳಗೆ ಬರುತ್ತದೆಂಬುದು ಸತ್ತೇಗಾಲದಲ್ಲಿ ಹುಟ್ಟಿ ಬೆಳೆದ ನನಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಯಾವ ಊರಿಗೆ ಹೋಗಿ ಹಾಡುಗಾರ್ತಿ ಯಾರೆಂದು ಕೇಳಿದರೂ ಬೆರಳು ಒಂದೇ ದಿಕ್ಕಿಗೆ ತಿರುಗುತ್ತಿತ್ತು: ಕಾಮಗೆರೆಯ ಒಳದಾರಿಯ ಹಳ್ಳಿಯೊಂದರ ಅಜ್ಜಿ. ಬೀಗರ ಪದದಲ್ಲಿ ಅವರನ್ನು ಮೀರಿಸಿದವರಿಲ್ಲ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಎದುರಿಗೇ ಕೂರಿಸಿಕೊಂಡು ಛೇಡಿಸುವ ಹಾಡು ಅದು. ರಾಗ ಹಳೆಯದು, ಚೌಕಟ್ಟು ಹಳೆಯದು. ಏಟು ಮಾತ್ರ ಆಯಾ ಮದುವೆಯಲ್ಲೇ ಹೊಸದಾಗಿ ಹುಟ್ಟುತ್ತದೆ. ಆ ಅಜ್ಜಿಯ ಹಾಡು ಅಜ್ಜಿಯ ಹೆಸರಿನಲ್ಲಿಯೇ ಸಂಗ್ರಹಕ್ಕೆ ಸೇರಬೇಕು. ನನ್ನ ಆಸೆ ಇಷ್ಟೇ ಇತ್ತು.

ಬಸ್ಸಿನಲ್ಲಿ ಮಾಹಿತಿ ಸಂಗ್ರಹ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಬಸ್ಸಿನಲ್ಲಿ ಕುಳಿತು, ಮೊಬೈಲ್ ಆ್ಯಪ್‌ಗಳು ನಮ್ಮ ಊರು, ವಯಸ್ಸು, ಬಂಧುಬಳಗಗಳ ವಿವರವನ್ನು ನಮಗರಿವಿಲ್ಲದೆ ಹೇಗೆ ಸೆಳೆದುಕೊಳ್ಳುತ್ತವೆ ಎಂಬ ಬಗ್ಗೆ ಕಾಲೇಜೊಂದರಲ್ಲಿ ಮಾಡಬೇಕಿದ್ದ ಭಾಷಣಕ್ಕೆ ಟಿಪ್ಪಣಿ ಬರೆಯುತ್ತಿದ್ದೆ. ಪಕ್ಕದಲ್ಲಿ ವೀಳ್ಯದೆಲೆಯ ಚೀಲ ಹಿಡಿದ ವೃದ್ಧೆಯೊಬ್ಬರು ಬಂದು ಕುಳಿತರು.

“ಯಾವೂರು ಕೂಸು?”

“ಸತ್ತೇಗಾಲ.”

“ಸತ್ತೇಗಾಲ್ದಲ್ಲಿ ಯಾರ್ ಅಟ್ಟಿ?”

ತಂದೆಯ ಹೆಸರು ಹೇಳಿದೆ.

“ಓ, ಕಾಲ್ವೆ ಪಕ್ದ ತೆಂಗಿನ್ ತ್ವಾಟ್ದೋರು. ನಿಮ್ಮ ಅತ್ತೇನ ಮುಡಿಗುಂಡಕ್ಕಲ್ವಾ ಕೊಟ್ಟಿರಾದು? ಎಷ್ಟ್ ಜನ ಮಕ್ಳು ನೀವು? ನೀನೇ ದೊಡ್ಡೋಳಾ? ಮದ್ವ ಯಾಕಾಗ್ನಿಲ್ಲ?”

“ಓದುತ್ತಿದ್ದೆ.”

“ಈಗ ಮುಗೀತಲ್ಲ. ಯಾರ್ನಾರ ನೋಡ್ಕಂಡಿದ್ದೀಯಾ?”

ಕಾಮಗೆರೆ ಬರುವಷ್ಟರಲ್ಲಿ ನನ್ನ ವಿದ್ಯಾಭ್ಯಾಸ, ಸಂಬಳ, ಅಮ್ಮನ ಮಂಡಿನೋವು, ನನ್ನ ತಲೆಗೂದಲು ಉದುರುವುದು, ಚಿಕ್ಕಪ್ಪನೊಂದಿಗೆ ನಮ್ಮ ಮನೆಯವರು ಮಾತು ಬಿಟ್ಟಿರುವುದು, ಬಿಟ್ಟದ್ದರ ಕಾರಣ, ಎಲ್ಲವನ್ನೂ ಒಪ್ಪಿಸಿಬಿಟ್ಟಿದ್ದೆ. ಯಾವ ಆ್ಯಪೂ ಇಷ್ಟು ಕೇಳಿರಲಿಲ್ಲ. ಅವರು ಇಳಿಯಲು ಎದ್ದಾಗ, ಇಷ್ಟು ಆತ್ಮೀಯರಾದವರನ್ನು ಹಾಗೆಯೇ ಕಳಿಸಬಾರದೆಂದು ಕೇಳಿದೆ: “ಅಜ್ಜಿ, ನಿಮ್ಮ ಹೆಸರೇನು?”

ಅವರು ಚೀಲವನ್ನು ಎದೆಗೊತ್ತಿಕೊಂಡು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

“ಯಾಕವ್ವ? ನನ್ನ ಎಸ್ರು ತಕಂಡು ನೀ ಏನ್ ಮಾಡೀಯ?”

ಆತನನ್ನು ಬಲ್ಲವರು

ಮರುದಿನ ಆ ಪ್ರಸಿದ್ಧ ಹಾಡುಗಾರ್ತಿಯ ಮನೆ ಹುಡುಕಿಕೊಂಡು ಹೋದರೆ, ಜಗುಲಿಯ ಮೇಲೆ ಅದೇ ಚೀಲ, ಅದೇ ಅಜ್ಜಿ.

“ಬಾ ಸತ್ತೇಗಾಲ್ದ ಕೂಸು. ಸೊಸೆ, ಕಾಪಿ ಇಡು. ಈ ಮಗೀಗ ಕೂದ್ಲು ಉದುರ್ತದಂತ, ವಸಿ ಕರ್ಬೇವು ಕಟ್ಕೊಡು.”

ಸೊಸೆ ಒಳಗಿನಿಂದ ಇಣುಕಿ ನೋಡಿ ನಕ್ಕರು. ನನ್ನ ಖಾಸಗಿತನದ ಕತೆ ಆ ಮನೆಯಲ್ಲಿ ಹಿಂದಿನ ರಾತ್ರಿಯ ಊಟದ ಜೊತೆಗೇ ಬಡಿಸಲ್ಪಟ್ಟಿತ್ತೆಂದು ತಿಳಿಯಿತು.

ನಾನು ಒಪ್ಪಿಗೆಪತ್ರ ತೆಗೆದು ಸ್ಪಷ್ಟವಾಗಿ ಓದತೊಡಗಿದೆ: “ಸದರಿ ಗೀತೆಗಳ ಹಕ್ಕುಸ್ವಾಮ್ಯವು ಸಂಗ್ರಹಕ್ಕೆ ವರ್ಗಾವಣೆಯಾಗತಕ್ಕದ್ದಲ್ಲ. ಹಕ್ಕುಸ್ವಾಮ್ಯದ ಅನುಮತಿಯಿಲ್ಲದೆ...”

ಅಜ್ಜಿ ಕೈ ಎತ್ತಿದರು. “ನಿಲ್ಸು. ಯಾರು ಈ ಅಕ್ಕುಸ್ವಾಮಿ?”

“ವ್ಯಕ್ತಿಯಲ್ಲ ಅಜ್ಜಿ. ಅದು ಹಕ್ಕು...”

“ಅದೇಯ. ನನ್ನ ಪದಕ್ಕ ಅವನ್ಯಾಕ ಅನುಮತಿ ಕೊಟ್ಟಾನು? ನಮ್ಮ ನೆಂಟ್ರಲ್ಲಿ ಆ ಎಸ್ರಿನೋರು ಯಾರೂ ಇಲ್ವಲ್ಲ.”

ಸೊಸೆ ಒಳಗಿನಿಂದಲೇ ಕೂಗಿದರು: “ಅನೂರ್ ಕಡೆಯೋನಿರ್ಬೇಕು ಅತ್ತೆ. ಆ ಕಡ ಕುಪ್ಪುಸ್ವಾಮಿ, ಮುತ್ತುಸ್ವಾಮಿ ಎಲ್ಲ ಅವ್ರೆ.”

ಅರ್ಧ ಗಂಟೆ ವಿವರಿಸಿದೆ. ಹಳೆಯ ಪದ ಊರಿನದು, ಅದನ್ನು ಯಾರೂ ಬೇಲಿ ಹಾಕಿ ಕಟ್ಟಿಕೊಳ್ಳುವಂತಿಲ್ಲ; ಆದರೆ ಆ ಹೊತ್ತಿಗೆ ಕಟ್ಟಿದ ನುಡಿ ಕಟ್ಟಿದವರದು, ಹಾಡಿದ ದನಿ ಹಾಡಿದವರದು ಎಂದೆ. ಅಜ್ಜಿ ಎಲೆಗೆ ಸುಣ್ಣ ಸವರುತ್ತ ಎಲ್ಲವನ್ನೂ ಕೇಳಿಸಿಕೊಂಡು, ನನ್ನ ಮೂರು ಪುಟದಲ್ಲಿ ಎಲ್ಲೂ ಇಲ್ಲದ ಪ್ರಶ್ನೆಯೊಂದನ್ನು ಕೇಳಿದರು.

“ಅಲ್ಲ ಕೂಸು, ನಾ ಆಡಿದ್ನ ನೀ ತುಂಬ್ಕಂಡು ಓಯ್ತೀಯ. ನಾಳ್ಕ ಯಾವನಾರ ಬಂದು ‘ಇದು ನಿಂದಲ್ಲ ಮುದ್ಕಿ, ಬಾಯ್ಮುಚ್ಚು’ ಅಂದ್ರ?”

“ಹಾಗೆ ಯಾರೂ ಹೇಳುವಂತಿಲ್ಲ ಅಜ್ಜಿ!” ಎಂದೆ, ಘಟಿಕೋತ್ಸವದ ದಿನದ ದನಿಯಲ್ಲಿ.

“ಆಗ್ಲಿ. ಕಾಗ್ದ ಬುಟ್ಟೋಗು. ನಂಬ್ಕ ಬಂದ್ ದಿಸ ಸೈನ್ ಆಕ್ತೀನಿ.”

ಬಸ್ಸಿಗಾಗಿ ಅರಳಿಕಟ್ಟೆಯ ಬಳಿ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಅಕ್ಕುಸ್ವಾಮಿ ಎಂಬಾತ ಮುದುಕಿಯರ ಹಾಡು ಬರೆಸಿಕೊಳ್ಳುತ್ತಿದ್ದಾನೆಂದು ಒಬ್ಬರು ಸಿಡಿಮಿಡಿಗೊಂಡರು. ಕಟ್ಟೆಯ ಹಿರಿಯರೊಬ್ಬರು ಅವರನ್ನು ಸುಮ್ಮನಾಗಿಸಿ, ನನ್ನ ಕಡೆ ತಿರುಗಿ ಧೈರ್ಯ ಹೇಳಿದರು.

“ನೀ ಎದ್ರುಕೊಬ್ಯಾಡ ಕನವ್ವ. ನಂಗೊತ್ತು ಅವ್ನು. ಕೊಳ್ಳೇಗಾಲ್ದ ರೇಷ್ಮೆಗೂಡಿನ ಮಾರ್ಕೆಟ್ನಲ್ಲಿದ್ದ. ಒಳ್ಳೆ ಮನ್ಸ. ವಸಿ ಕುಡೀತಾನ, ಅಷ್ಟೇಯ.”

ಊರಿಗೊಂದು ಗುಟ್ಟು

ಒಪ್ಪಿಗೆಪತ್ರವನ್ನು ತಿದ್ದಿದೆ. ಹನ್ನೊಂದು ಹಕ್ಕುಸ್ವಾಮ್ಯಗಳನ್ನೂ ಕಿತ್ತುಹಾಕಿ ‘ಹಾಡು ಹಾಡಿದವರದೇ’ ಎಂದು ಬರೆದೆ. ಮುದ್ರಿಸಲು ಕೊಳ್ಳೇಗಾಲದ ಬಸ್‌ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋದೆ. ಸುತ್ತಲಿನ ಹಳ್ಳಿಗಳವರು ಪಹಣಿಗೆ, ಜಾತಿ ಪ್ರಮಾಣಪತ್ರಕ್ಕೆ, ಪರೀಕ್ಷೆಯ ಫಲಿತಾಂಶಕ್ಕೆ ಬರುವುದು ಅಲ್ಲಿಗೇ.

ಸಾಲಿನಲ್ಲಿದ್ದ ಒಬ್ಬರು ಕೇಳಿದರು: “ಅಣ್ಣ, ನನ್ನ ಪಾಸ್ವರ್ಡ್ ಏನಿತ್ತು?”

ಅಂಗಡಿಯಾತ ತಿರುಗಿಯೂ ನೋಡದೆ, ಬಸ್ ಕಂಡಕ್ಟರಿನ ದನಿಯಲ್ಲಿ ಕೂಗಿದರು: “ಕೊಳ್ಳೇಗಾಲ, ಒಂದು ಎರಡು ಮೂರು!”

“ನಂದು?” ಎಂದರು ಹಿಂದಿನವರು.

“ಅದೇ.”

“ನಮ್ಮ ಎಂಗುಸ್ರುದು?”

“ಅದೇ ಕಣ್ರಿ, ಎಷ್ಟ್ ಸಲ ಯೋಳುದು?”

ನನಗೆ ತಡೆಯಲಾಗಲಿಲ್ಲ. ಪಾಸ್‌ವರ್ಡೆಂಬುದು ಮನೆಯ ಬೀಗದ ಕೈಯಂತೆ ಎಂಬಲ್ಲಿಂದ ಆರಂಭಿಸಿ ವ್ಯಕ್ತಿಯ ಘನತೆಯವರೆಗೆ ಸಣ್ಣದೊಂದು ಉಪನ್ಯಾಸವನ್ನೇ ಮಾಡಿದೆ. ಆತ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡರು.

“ಮೇಡಮ್, ಮೊದ್ಲು ನಾನೇ ಎಲ್ರಿಗೂ ಬೇರೆ ಬೇರೆ ಇಟ್ಟಿದ್ದಿ. ದಿನಾ ಬಂದು ಮರ್ತೋಯ್ತು ಅಂತ ಕಣ್ಣೀರಾಕೋರು. ಈಗ ಎಲ್ರಿಗೂ ಒಂದೇ. ಒಬ್ರಿಗ್ ಮರ್ತ್ರೆ ಪಕ್ದೋರು ಯೋಳ್ಕೊಡ್ತಾರೆ.”

“ಯಾರಾದರೂ ಕದ್ದರೆ?”

“ಎಲ್ರಿಗೂ ಗೊತ್ತಿರಾದ್ನ ಕದಿಯಾದೇನ್ ಬಂತು ಮೇಡಮ್?”

ತಿದ್ದಿದ ಪತ್ರವನ್ನು ಕಚೇರಿಗೆ ಕಳಿಸೋಣವೆಂದು ಅಲ್ಲಿಯೇ ಒಂದು ಕಂಪ್ಯೂಟರಿನ ಮುಂದೆ ಕುಳಿತೆ. ನನ್ನ ಇ-ಮೇಲ್ ಪಿಯುಸಿಯ ಕಾಲದಲ್ಲಿ ವಿದ್ಯಾರ್ಥಿವೇತನದ ಅರ್ಜಿಗಾಗಿ ತೆರೆದದ್ದು. ಫೋನಿನಲ್ಲಿ ತಾನಾಗಿಯೇ ತೆರೆಯುತ್ತಿದ್ದುದರಿಂದ ಪಾಸ್‌ವರ್ಡ್ ಮರೆತೇಹೋಗಿತ್ತು. ಎರಡು ಸಲ ತಪ್ಪಾಯಿತು. ಹಿಂದಿನಿಂದ ಅಂಗಡಿಯಾತನ ದನಿ ಕೇಳಿಸಿತು. “ಆವಾಗ ನಿಮ್ಮಪ್ಪಾರು ಇಲ್ಲೇ ಮಾಡ್ಸಿದ್ದಲ್ವಾ ಮೇಡಮ್? ಅದೇ ಆಕಿ.”

ಹಾಕಿದೆ. ತೆರೆಯಿತು.

ಅಲ್ಲಿಯೇ, ಆಗಲೇ, ಪಾಸ್‌ವರ್ಡನ್ನು ಬದಲಿಸಿದೆ. ಹೊಸದನ್ನು ಲೋಕದಲ್ಲಿ ಯಾರಿಗೂ ಹೇಳಿಲ್ಲ. ಈಗ ನನಗೂ ಗೊತ್ತಿಲ್ಲ.

ಒಪ್ಪಿದವರು

ಹತ್ತು ದಿನ ಬಿಟ್ಟು ಅದೇ ಅಂಗಡಿಗೆ ಹೋದಾಗ ಆತ ಹಗ್ಗ ಕಟ್ಟಿದ ಕಾಗದದ ಕಟ್ಟೊಂದನ್ನು ಮುಂದಿಟ್ಟರು. ನನ್ನ ಒಪ್ಪಿಗೆಪತ್ರಗಳು, ಎಲ್ಲವೂ ಭರ್ತಿಯಾಗಿದ್ದವು, ಸಹಿಯೂ ಬಿದ್ದಿತ್ತು. ಅಚ್ಚುಕಟ್ಟಾಗಿ ಕಂಡಿತೆಂದು ಆತ ಒಂದು ಪ್ರತಿ ಇಟ್ಟುಕೊಂಡು, ಕೇಳಿದವರಿಗೆಲ್ಲ ಜೆರಾಕ್ಸ್ ಮಾಡಿ ಕೊಟ್ಟಿದ್ದರು. ಒಪ್ಪಿಗೆಪತ್ರವನ್ನು ನನ್ನ ಒಪ್ಪಿಗೆಯಿಲ್ಲದೆ ನಕಲು ಮಾಡಿದ್ದಕ್ಕೆ ಕೋಪಗೊಳ್ಳಬೇಕೋ, ಇಷ್ಟು ಜನ ಕಲಾವಿದರು ಸಿಕ್ಕಿದ್ದಕ್ಕೆ ಸಂತೋಷಪಡಬೇಕೋ ತಿಳಿಯಲಿಲ್ಲ. ಮೇಲಿನ ಕಾಗದದ ವಿಳಾಸ ಹಿಡಿದು ಹೋದೆ. ಬಾಗಿಲು ತೆರೆದವರು ನಿವೃತ್ತ ಗುಮಾಸ್ತರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು.

“ಸರ್, ತಾವು ಯಾವ ಹಾಡು ಹೇಳುತ್ತೀರಿ?”

“ಹಾಡಾ? ನನಗೆ ಬರಲ್ಲಮ್ಮ.”

“ಮತ್ತೆ ಒಪ್ಪಿಗೆಪತ್ರ?”

“ಒಪ್ಪಿಗೆ ಇದೆ.”

ಉಳಿದವರದೂ ಇದೇ ಸ್ಥಿತಿ. ಹಾಡು ಬರುವ ಅಜ್ಜಿ ಒಪ್ಪಿಗೆ ಕೊಡುತ್ತಿಲ್ಲ. ಒಪ್ಪಿಗೆ ಕೊಟ್ಟ ಇವರಲ್ಲಿ ಒಬ್ಬರಿಗೂ ಹಾಡು ಬರುವುದಿಲ್ಲ.

ಗಡಿಯ ಊರಿನ ಮಜ್ಜಿಗೆ

ಹನೂರಿನಾಚೆ ಗಡಿಯ ಕಡೆಗೆ ಹೋದಂತೆ ಒಂದೇ ಬೀದಿಯಲ್ಲಿ ಕನ್ನಡವೂ ತಮಿಳೂ ಅಕ್ಕಪಕ್ಕದ ಮನೆ ಮಾಡಿಕೊಂಡಿರುತ್ತವೆ. ಅಂತಹ ಊರಿಗೆ ಹೋಗುವ ಮುನ್ನ ಸಹಪಾಠಿಯೊಬ್ಬಳನ್ನು ಕೇಳಿ, ‘ಹಕ್ಕು’ ಎಂಬುದಕ್ಕೆ ತಮಿಳಿನಲ್ಲಿ ‘ಉರಿಮೈ’ ಎನ್ನುತ್ತಾರೆಂದು ಕಲಿತುಕೊಂಡೆ. ಎರಡು ಭಾಷೆಯವರನ್ನೂ ಒಟ್ಟಿಗೆ ತಲುಪುವ ಉತ್ಸಾಹದಲ್ಲಿದ್ದೆ. ದೇವಸ್ಥಾನದ ಮುಂದೆ ಹೆಂಗಸರೆಲ್ಲ ಸೇರಿದಾಗ ಎದ್ದು ನಿಂತು, ಕೈಯನ್ನು ಎದೆಯ ಮೇಲಿಟ್ಟುಕೊಂಡು ಹೇಳಿದೆ:

“ನೀವೆಲ್ಲರೂ ಒಂದು ಮಾತು ತಿಳಿಯಬೇಕು. ಉರಿಮೈ! ನನಗೂ ಉರಿಮೈ, ನಿಮಗೂ ಉರಿಮೈ. ಇದು ಹುಟ್ಟಿದಾಗಿನಿಂದ ಇರುವಂಥದ್ದು.”

ತಮಿಳು ಮನೆಯವರು ತಲೆದೂಗಿದರು. ಕನ್ನಡದವರ ಸಾಲಿನಲ್ಲಿ ಗುಸುಗುಸು ಎದ್ದಿತು. ಹಿರಿಯ ಹೆಂಗಸೊಬ್ಬರು ಎದ್ದು ಬಂದು ನನ್ನ ಕುತ್ತಿಗೆ ಮುಟ್ಟಿ ನೋಡಿದರು.

“ಅಯ್ಯೋ ಶಿವ್ನೇ, ಉಟ್ಟಿದಾಗಿಂದ ಮೈ ಉರೀನಾ? ಎತ್ತೋರು ಏನೂ ತೋರಿಸ್ನಿಲ್ವಾ?”

“ಅಲ್ಲ ಅಮ್ಮ, ಉರಿಮೈ ಎಂದರೆ...”

“ಮಾತಾಡ್ಬ್ಯಾಡ, ಇನ್ನೂ ಜಾಸ್ತಿ ಆಯ್ತದ.”

ಎರಡು ಚೊಂಬು ಮಜ್ಜಿಗೆ ಬಂತು. ಒಂದು ಕುಡಿಸಿದರು. ಇನ್ನೊಂದನ್ನು ತಲೆಗೆ ತಟ್ಟಿದರು. ನಾನು ತೊಟ್ಟಿಕ್ಕುತ್ತ ಕುಳಿತಿದ್ದಾಗ ತಮಿಳು ಮನೆಯ ಅಮ್ಮನೊಬ್ಬರು ಪಕ್ಕದವರನ್ನು ಮೆಲ್ಲಗೆ ಕೇಳಿದರು: “ಕನ್ನಡದೋರು ಹಕ್ಕು ಕೇಳ್ದೋರ್ಗೆಲ್ಲ ಹಿಂಗೇ ಮಾಡ್ತಾರಾ?”

ಓದದೆ ಒತ್ತಿದವಳು

ತಲೆಯಿಂದ ಮಜ್ಜಿಗೆಯ ವಾಸನೆ ಹೋದ ಮೇಲೆ ತಿದ್ದಿದ ಪತ್ರದೊಂದಿಗೆ ಮತ್ತೆ ಅಜ್ಜಿಯ ಜಗುಲಿಗೆ ಹೋದೆ. ಈ ಸಲ ಅವರು ಮೂರು ಪುಟವನ್ನೂ ಓದಿಸಿದರು. ಒಂದು ಸಾಲು ಹಾರಿಸಿದರೆ “ಅಲ್ಲೇನೋ ಬುಟ್ಟೆ” ಎಂದು ಹಿಡಿದರು. ಷರತ್ತುಗಳನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಸಿಕೊಂಡ ಮೊದಲ ಮನುಷ್ಯಜೀವಿ ಇವರೇ ಇರಬೇಕೆಂದು ನನಗೆ ಗೌರವ ಉಕ್ಕಿತು. ಪ್ರಯೋಗಕ್ಕೆಂದು ಒಂದು ಪದ ಮುದ್ರಿಸಿಕೊಳ್ಳೋಣವೆಂದು ಫೋನ್ ತೆಗೆದೆ. ಧ್ವನಿಮುದ್ರಣದ ಆ್ಯಪು ಏನೋ ಉದ್ದನೆಯ ಬರಹ ತೋರಿಸಿತು. ಹೆಬ್ಬೆರಳಿನಿಂದ ಸರ್ರನೆ ಕೆಳಕ್ಕೆ ತಳ್ಳಿ ‘ಒಪ್ಪಿದೆ’ ಎಂಬುದನ್ನು ಒತ್ತಿದೆ.

“ಏನದು ಒತ್ತಿದ್ದು?” ಎಂದರು ಅಜ್ಜಿ.

“ಏನಿಲ್ಲ ಅಜ್ಜಿ, ಅದೂ ಒಪ್ಪಿಗೆ ಕೇಳುತ್ತದೆ.”

“ಎಷ್ಟ್ ಪುಟ ಇತ್ತು?”

“ಗೊತ್ತಿಲ್ಲ.”

“ಓದ್ನಿಲ್ವಾ?”

ನಾನು ತಲೆ ತಗ್ಗಿಸಿದೆ. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಜ್ಜಿ ಗಂಟಲು ಸರಿಮಾಡಿಕೊಂಡು, ಕೈತಾಳ ಹಾಕಿ ಅಲ್ಲೇ ಕಟ್ಟಿ ಹಾಡಿದರು:

“ಮೂರು ಪುಟದೋಳೆ, ಮೂಗ್ ಮ್ಯಾಲ ಗಾಜೋಳೆ
ಊರ್ಗೆಲ್ಲ ಬುದ್ದಿ ಯೋಳೋಳೆ, ಪೋನ್ಗ ನೀ
ಯಾರೂ ಕಾಣ್ದಂಗ ಒಪ್ಪೀದೆ!”

ಸಂಗ್ರಹಕ್ಕಾಗಿ ನಾನು ಮುದ್ರಿಸಿಕೊಂಡ ಅವರ ಮೊತ್ತಮೊದಲ ನುಡಿ ಇದು. ಅದನ್ನು ಪ್ರಕಟಿಸಲು ಹಾಡಿದವರ ಅಭ್ಯಂತರವಿಲ್ಲ. ನನ್ನದಿದೆ.

ಕೊನೆಗಂಟ

ನಗು ಮುಗಿಯುವ ಮೊದಲೇ ಸೊಸೆ ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು. “ಇದೇನ್ ಬಂದದ ನೋಡಿ ಮೇಡಮ್.”

ಯಳಂದೂರಿನ ಮದುವೆಯೊಂದರಲ್ಲಿ ಅತ್ತೆ ಹಾಡಿದ್ದನ್ನು ಅವರು ಫೋನಿನಲ್ಲಿ ಹಿಡಿದು, ‘ನಮ್ಮತ್ತೆಯ ಬೀಗರ ಪದ’ ಎಂದು ಹೆಸರಿಟ್ಟು ಅಂತರ್ಜಾಲಕ್ಕೆ ಹಾಕಿದ್ದರು. ಅದನ್ನು ಅಲ್ಲಿಂದ ತೆಗೆದುಹಾಕಲಾಗಿತ್ತು. ಸೂಚನೆಯಲ್ಲಿ ಹೀಗಿತ್ತು: ಈ ಹಾಡು ಬೇರೊಬ್ಬರಿಗೆ ಸೇರಿದ್ದು. ಬೇರೊಬ್ಬರೆಂದರೆ, ಆ ಮದುವೆಗೆ ವಿಡಿಯೊ ತೆಗೆಯಲು ಬಂದಿದ್ದ ಯಳಂದೂರಿನ ಸ್ಟುಡಿಯೊ. ಅವರು ಅದೇ ಹಾಡನ್ನು ಮೊದಲೇ ತಮ್ಮ ಹೆಸರಿನಲ್ಲಿ ಹಾಕಿಕೊಂಡಿದ್ದರು.

ಓದಿ ಹೇಳಿದೆ. ಅಜ್ಜಿ ನನ್ನ ಕಡೆ ತಿರುಗಿದರು.

“ಯಾರೂ ಅನ್ನಂಗಿಲ್ಲ ಅಂದಿದ್ದಲ್ಲ ಕೂಸು?”

ಆ ಮಾತು ನನಗೆ ನಾಟಿದಷ್ಟು ಯಾವ ಪರೀಕ್ಷಕರ ಪ್ರಶ್ನೆಯೂ ನಾಟಿರಲಿಲ್ಲ. ಕಚೇರಿಗೆ ಫೋನ್ ಮಾಡಿದೆ. ಈ ತಕರಾರು ತೀರುವ ತನಕ ಅಜ್ಜಿಯ ಹಾಡುಗಳನ್ನು ಸಂಗ್ರಹಕ್ಕೆ ತೆಗೆದುಕೊಳ್ಳಲಾಗದು ಎಂದರು. ಆಕ್ಷೇಪಣೆ ಸಲ್ಲಿಸುವ ಪುಟ ತೆರೆದರೆ, ಹಾಡು ನಿಮ್ಮದೆಂಬುದಕ್ಕೆ ಸಾಕ್ಷಿ ಒದಗಿಸಿ ಎಂದಿತ್ತು.

“ನನ್ನ ಗಂಟ್ಲು ನಂದು ಅನ್ನಕ ಸಾಕ್ಸಿ ಬೇಕಾ?” ಎಂದರು ಅಜ್ಜಿ.

“ಆಧಾರ್ ಕಾರ್ಡ್ನಲ್ಲಿ ಬೆರಳಿದ್ದದ, ಕಣ್ಣಿದ್ದದ. ಗಂಟ್ಲು ಇಲ್ವಲ್ಲ ಅತ್ತೆ,” ಎಂದರು ಸೊಸೆ.

ಅಜ್ಜಿ ಸ್ವಲ್ಪ ಯೋಚಿಸಿದರು. “ಅವ್ನು ಆಕಿರಾದು ಎಲ್ಲೀಗಂಟ ಅದ? ಇವ್ಳ್ದು ಅರ್ಧಕ್ಕೇ ನಿಂತೋಗದ, ಬಡ್ಸಕ್ ಕರುದ್ರು ಅಂತ ಎದ್ದೋದ್ಳು.”

ನೋಡಿದೆ. “ಪೂರ್ತಿ ಇದೆ ಅಜ್ಜಿ. ಮುಕ್ಕಾಲು ಗಂಟೆ.”

ಅವರ ಕಣ್ಣಿನಲ್ಲಿ ಏನೋ ಮಿಂಚಿತು. “ಕೊನೆಗಂಟ ಅದಾ? ಆಗಂದ್ರ ನಡಿ ಯಳಂದೂರ್ಗ.”

“ಕೊನೆಯಲ್ಲಿ ಏನಿದೆ?”

“ಬೀಗರ ಪದ ಮಕದ್ ಮುಂದ ಆಗ್ಬೇಕು ಕೂಸು. ಇಂದ್ಗಡ ಯೋಳುದ್ರ ಅದು ಚಾಡಿ.”

ಸೊಸೆಯೂ ನಮ್ಮೊಡನೆ ಹೊರಟರು. ಬಸ್ಸಿನಲ್ಲಿ ಎಷ್ಟು ಕೇಳಿದರೂ ಅಜ್ಜಿ ಬಾಯಿ ಬಿಡಲಿಲ್ಲ. ಮಾಹಿತಿಯನ್ನು ಹೇಗೆ ಕಾಪಾಡಿಕೊಳ್ಳಬೇಕೆಂದು ನಾನು ಭಾಷಣ ಮಾಡುತ್ತಿದ್ದೆ. ಅವರು ಮಾಡಿ ತೋರಿಸಿದರು.

ಸ್ಟುಡಿಯೊದ ಯಜಮಾನರು ಕೆಟ್ಟವರಲ್ಲ. ಅಜ್ಜಿಯನ್ನು ಕಂಡ ಕೂಡಲೇ ಎದ್ದು ಕುರ್ಚಿ ಕೊಟ್ಟು, ಟೀ ತರಿಸಿದರು. ಕೌಂಟರಿನಲ್ಲಿ ಅವರ ಹೆಂಡತಿ ಕುಳಿತಿದ್ದರು. ಮದುವೆಯ ಆಲ್ಬಮ್ ನೋಡಲು ಒಂದು ಸಂಸಾರವೇ ಬಂದಿತ್ತು. ನಾನು ವಿಷಯ ಎತ್ತಿದೆ.

“ಅಯ್ಯೋ ಮೇಡಮ್, ಜಾನಪದ ಅಂದ್ರೆ ಯಾರ್ದೂ ಅಲ್ಲ. ಯಾರ್ದೂ ಅಲ್ದೇ ಇರೋದು ಮೊದಲು ಹಾಕ್ದೋರ್ದು. ಅದೂ ಅಲ್ದೆ ನಾನು ಎಕೋ ಬೇರೆ ಕೊಟ್ಟಿದ್ದೀನಿ.”

ಕಂಪ್ಯೂಟರಿನಲ್ಲಿ ತಾವು ತುಂಬಿದ ವಿವರವನ್ನು ತೋರಿಸಿದರು. ಅಜ್ಜಿಗಾಗಿ ಗಟ್ಟಿಯಾಗಿ ಓದಿದೆ: “ಸಾಹಿತ್ಯ, ಸ್ವಂತ ರಚನೆ. ಸಂಗೀತ, ಸ್ವಂತ ರಚನೆ.”

“ಅಂದ್ರ ಪದ ಕಟ್ಟಿರಾದು ನೀನೇಯಾ ಕಂದ?” ಎಂದರು ಅಜ್ಜಿ, ಬೆಣ್ಣೆಯಂತಹ ದನಿಯಲ್ಲಿ.

“ಅದು... ಬರೆಯೋ ಜಾಗದಲ್ಲಿ ಏನಾದ್ರೂ ಬರೀಬೇಕಲ್ಲ ಅಜ್ಜಿ. ಹೂಂ, ನಂದೇ ಅಂತ ಇಟ್ಕೊಳ್ಳಿ.”

“ಪೂರ್ತಿ?”

“ಪೂರ್ತಿ.”

“ಕೊನೆಗಂಟ?”

“ಕೊನೇವರೆಗೂ ಅಜ್ಜಿ.”

“ಆಗಂದ್ರ ಕೊನೆ ಆಕಪ್ಪ. ನೀ ಕಟ್ಟಿರಾದ ನಾವೂ ವಸಿ ಕೇಳಮ.”

ಗೋಡೆಯ ದೊಡ್ಡ ಟಿ.ವಿ.ಯಲ್ಲಿ ಹಾಕಿದರು. ಬೀಗರೆಲ್ಲ ಊಟಕ್ಕೆ ಕುಳಿತ ಹೊತ್ತು ಅದು. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಅದರ ಪಾಡಿಗೆ ಬಿಟ್ಟಿರುವುದು ಗೊತ್ತಾಗುತ್ತಿತ್ತು. ಅಜ್ಜಿಯ ದನಿ ಎಕೋ ಸಮೇತ ಅಂಗಡಿಯನ್ನೆಲ್ಲ ತುಂಬಿತು:

“ಕತ್ತಲ ಪೆಟ್ಗ್ಯೋನೆ, ಗಾಜೀನ ಕಣ್ಣೋನೆ
ಎತ್ತಾಗ ಓಯ್ತೊ ನಿನ್ ಗ್ಯಾನ, ಎಲೆ ಮ್ಯಾಲ
ಅತ್ತಾಯ್ತೊ ಬೀಗ ಒಬ್ಬಟ್ಟು!”

ಟಿ.ವಿ.ಯ ಎಡಮೂಲೆಯಲ್ಲಿ, ಎಲೆಯ ಮುಂದೆ, ಕುತ್ತಿಗೆಯಲ್ಲಿ ಕ್ಯಾಮೆರಾದ ಪಟ್ಟಿ ಹಾಕಿಕೊಂಡೇ ಕುಳಿತ ಯಜಮಾನರು ಒಬ್ಬಟ್ಟನ್ನು ತುಪ್ಪದಲ್ಲಿ ಅದ್ದುತ್ತಿದ್ದರು. ಹಾಡು ಯಾರ ಮೇಲೆಂಬುದು ಅವರ ಕಿವಿಗೆ ಅಂದೂ ಬಿದ್ದಿರಲಿಲ್ಲ, ಆಮೇಲೆ ಎಕೋ ಕೊಡುವಾಗಲೂ ಬಿದ್ದಿರಲಿಲ್ಲ. ಆಲ್ಬಮ್ ನೋಡಲು ಬಂದಿದ್ದ ಸಂಸಾರ ಆಲ್ಬಮ್ ಮರೆತು ನಗತೊಡಗಿತು.

ಕೌಂಟರಿನಲ್ಲಿದ್ದ ಹೆಂಡತಿ ಮಾತ್ರ ನಗಲಿಲ್ಲ. ಎದ್ದು ನಿಂತರು.

“ಹತ್ತಾ? ಅವತ್ತು ಮನೆಗೆ ಬಂದು, ಸಕ್ಕರೆ ಕಾಯಿಲೆ ಅಂತ ಒಬ್ಬಟ್ಟು ಕಣ್ಣೆತ್ತಿ ನೋಡ್ಲಿಲ್ಲ ಅಂದ್ರಲ್ರೀ?”

“ಅದು... ಈ ಹಾಡೆಲ್ಲ ಸುಮ್ನೆ ಯಾರೋ ಕಟ್ಟಿದ್ದು ಕಣೇ...”

“ಯಾರೋ ಅಲ್ಲ, ನೀವೇ ಕಟ್ಟಿದ್ದು! ಈಗ್ತಾನೆ ಅಂದ್ರಿ, ಕೊನೇವರೆಗೂ ಅಂತ!”

ಯಜಮಾನರು ನನ್ನ ಕಡೆ ತಿರುಗಿದರು. ಮುಖ ಬೆವೆತಿತ್ತು. “ಮೇಡಮ್, ಈ ಹಾಡು ನಂದಲ್ಲ. ಇದು ಈ ಅಜ್ಜಿದೇ. ಎಲ್ಲಿ ಒತ್ತಬೇಕು ಹೇಳಿ.”

ಎಲ್ಲಿ ಒತ್ತಬೇಕೆಂದು ತೋರಿಸಿದೆ. ತಾವು ಹೂಡಿದ ಹಕ್ಕನ್ನು ಅಷ್ಟು ಜನರ ಎದುರಿಗೇ ಹಿಂತೆಗೆದುಕೊಂಡರು. ಅಜ್ಜಿ ಅದನ್ನೂ ನನ್ನಿಂದ ಓದಿಸಿ ಖಾತ್ರಿ ಮಾಡಿಕೊಂಡು, ಚೀಲದಿಂದ ಮಡಿಸಿಟ್ಟಿದ್ದ ನನ್ನ ಮೂರು ಪುಟವನ್ನು ತೆಗೆದು, ಆ ಕೌಂಟರಿನ ಮೇಲೆಯೇ ಹರಡಿದರು.

“ಈಗ ಬರ್ಕೊ ಕೂಸು.” ಬಸ್ಸಿನಲ್ಲಿ ಹೇಳದಿದ್ದ ಹೆಸರನ್ನು ಅಂದು ಹೇಳಿದರು, ನಾನು ಬರೆದೆ. ಕೆಳಗೆ, ಒಂದೊಂದೇ ಅಕ್ಷರವನ್ನು ಕೂಡಿಸಿ ಸಹಿ ಹಾಕಿದರು. ಆ ಹೆಸರನ್ನು ಇಲ್ಲಿ ಬರೆಯಲು ಅವರ ಒಪ್ಪಿಗೆ ಪಡೆದಿಲ್ಲ. ಸಂಗ್ರಹದಲ್ಲಿ ಹಾಡಿನ ಮೇಲೆಯೇ ಇದೆ, ದಪ್ಪಕ್ಷರದಲ್ಲಿ.

ನಾವು ಹೊರಡಲು ಎದ್ದಾಗ ಯಜಮಾನರು ಬಾಗಿಲಿಗೆ ಅಡ್ಡ ಬಂದು ಕೈ ಮುಗಿದರು.

“ಅಜ್ಜಿ, ನಿಮ್ಮ ಹಾಡು ಧಾರಾಳವಾಗಿ ಹಾಕ್ಕೊಳ್ಳಿ. ಆ ಒಂದು ನುಡಿ ಮಾತ್ರ ತೆಗೆಸಿಬಿಡಿ. ನಮ್ಮ ಮಾವನ ಮನೆಯೋರೆಲ್ಲ ನೋಡ್ತಾರೆ. ಮೇಡಮ್, ನಾನು ತಿನ್ನೋದು ನನ್ನ ಖಾಸಗಿ ವಿಷಯ ಅಲ್ವಾ? ನನಗೂ ಹಕ್ಕಿದೆ ಅಲ್ವಾ?”

ನಾನು ಸಂಕಟಕ್ಕೆ ಸಿಕ್ಕಿದೆ. ತತ್ತ್ವವಾಗಿ ನೋಡಿದರೆ ಆತನ ಮಾತಿನಲ್ಲಿ ತೂಕವಿತ್ತು. ಅಜ್ಜಿಯ ಮುಖ ನೋಡಿದೆ. ಅಜ್ಜಿ ನಿಧಾನವಾಗಿ ಸೆರಗು ಸರಿಮಾಡಿಕೊಂಡು, ಎಲೆಯಡಿಕೆಯನ್ನು ದವಡೆಯ ಮೂಲೆಗೆ ಸರಿಸಿದರು.

“ನಂದೇನೂ ಅಡ್ಡಿಲ್ಲ ಕನಪ್ಪ, ತಗ್ಸು. ಆದ್ರ ಅಕ್ಕುಸ್ವಾಮಿ ಒಪ್ಬೇಕಲ್ಲ.”

ಯಜಮಾನರು ಥಟ್ಟನೆ ಜೇಬಿನಿಂದ ಪೆನ್ನು ತೆಗೆದರು. “ಯಾರಜ್ಜಿ ಅವ್ರು? ಎಲ್ಲಿ ಸಿಗ್ತಾರೆ? ನಾನೇ ಹೋಗಿ ಕೈಕಾಲು ಹಿಡಿದು ಮಾತಾಡ್ತೀನಿ.”

ಸೊಸೆ, ಅತ್ತೆಗೆ ತಕ್ಕ ಸೊಸೆ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಹೇಳಿದರು:

“ಕೊಳ್ಳೇಗಾಲ್ದ ರೇಷ್ಮೆಗೂಡಿನ ಮಾರ್ಕೆಟ್ನಲ್ಲಿ ವಿಚಾರ್ಸಿ ಅಣ್ಣ. ಒಳ್ಳೆ ಮನ್ಸ. ವಸಿ ಕುಡೀತಾನ, ಅಷ್ಟೇಯ.”